ಅಪ್‌ಡೇಟ್: ಒಂಬತ್ತು ಕಟ್ಟಡಗಳ ಬಾಡಿಗೆ ಲೆಕ್ಕ ಕೊನೆಗೂ ಸರಿಹೋಯಿತು

ಇಪ್ಪತ್ತು ದಿನಗಳ ಹಿಂದೆ ಕೇಳಿದ್ದೆ: ತುಮಕೂರಿನ ಒಂದು ಕಟ್ಟಡದಲ್ಲಿ ಸಲೀಸಾಗಿ ನಡೆಯುತ್ತಿದ್ದ ಬಾಡಿಗೆ ತಂತ್ರಾಂಶಕ್ಕೆ ನಮ್ಮ ಕುಟುಂಬದ ಒಂಬತ್ತನ್ನೂ ಸೇರಿಸಿದ ಕೂಡಲೇ ಲೆಕ್ಕ ಕಲಸಿಹೋಗಿದೆ, ಏನು ಮಾಡಲಿ ಎಂದು.

ಗೊಂದಲವಿದ್ದದ್ದು ಮನೆಯ ಗುರುತಿನಲ್ಲಿ. ಬಟವಾಡಿಯ ಕಟ್ಟಡದಲ್ಲೂ ‘ಮಹಡಿ 1, ಮನೆ 2’, ಶಿರಾ ಗೇಟ್‌ನ ಕಟ್ಟಡದಲ್ಲೂ ಅದೇ. ಎರಡೂ ಒಂದೇ ಖಾತೆಯಾಗಿ, ಒಬ್ಬರು ಕಟ್ಟಿದ ಬಾಡಿಗೆ ಇನ್ನೊಬ್ಬರ ಹೆಸರಿಗೆ ಜಮೆಯಾಗುತ್ತಿತ್ತು. ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆಯನ್ನೇ (ಪ್ರತಿ ಸಂಪರ್ಕಕ್ಕೂ ಬೇರೆಬೇರೆಯಾಗಿ, ಬಿಲ್ಲಿನ ಮೇಲಿರುವ ಸಂಖ್ಯೆ) ಗುರುತಾಗಿ ಬಳಸಿ ಎಂದವರಿಗೆ ಕೈಮುಗಿಯುತ್ತೇನೆ. ಭಾನುವಾರ ಟಾರ್ಚ್ ಹಿಡಿದು, ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಗಳ ದೂಳು ಒರೆಸಿ, ಬಿಲ್ಲಿನೊಂದಿಗೆ ತಾಳೆ ನೋಡಿ ಬರೆದುಕೊಂಡೆವು. ಆಗಲೇ ತಿಳಿದದ್ದು, ಕ್ಯಾತ್ಸಂದ್ರದ ಎರಡು ಮನೆಗಳ ಮೀಟರುಗಳು ಅದಲುಬದಲಾಗಿ, ಒಬ್ಬರ ಬಿಲ್ಲನ್ನು ಇನ್ನೊಬ್ಬರು ವರ್ಷದಿಂದ ಕಟ್ಟುತ್ತಿದ್ದರು! ಮನಸ್ಸಿಗೆ ಬಹಳ ಕಸಿವಿಸಿಯಾಯಿತು. ವ್ಯತ್ಯಾಸದ ಹಣವನ್ನು ನಾವೇ ಕೊಟ್ಟು ಸರಿಪಡಿಸಿದೆವು.

ತಂತ್ರಾಂಶದ ದುಬಾರಿ ಪ್ಲಾನ್‌ಗೆ ಬದಲಾಯಿಸುವ ಸಲಹೆ ಫಲಿಸಲಿಲ್ಲ. ಅಲ್ಲೂ ಅದೇ ತಪ್ಪು ಮರುಕಳಿಸಿತು. ಎರಡು ದಿನಕ್ಕೊಂದು ಕಟ್ಟಡದಂತೆ ತಂತ್ರಾಂಶಕ್ಕೆ ಮತ್ತೆ ಸೇರಿಸಿದ್ದು ಒಳ್ಳೆಯದಾಯಿತು.

ಅಂಗಡಿ ಮಳಿಗೆಗಳಿದ್ದರೆ ಮೊದಲೇ ಬೇರೆ ಗುಂಪು ಮಾಡಿ. ಜಿಎಸ್‌ಟಿ ನೋಂದಣಿ ಇರುವ ಮಾಲೀಕರು ಮಳಿಗೆಯ ಬಾಡಿಗೆಗೆ ಶೇ 18 ತೆರಿಗೆ ಸೇರಿಸಬೇಕು. ಸಂಸಾರ ವಾಸಕ್ಕಿರುವ ಮನೆಗೆ ಅದಿಲ್ಲ. ನಾವು ಬೆರೆಸಿಟ್ಟು ಹನ್ನೊಂದು ರಸೀದಿ ರದ್ದುಮಾಡಬೇಕಾಯಿತು.

ಹಳೆಯ ಮುಂಗಡ ಹಣದ ವಿವರ ಮಾತ್ರ ಬಾಕಿಯಿದೆ. ಅದನ್ನು ಅಪ್ಪನ ನೋಟ್‌ಪುಸ್ತಕ ನೋಡಿಕೊಂಡು ಕೈಯಲ್ಲೇ ತುಂಬುತ್ತಿದ್ದೇನೆ.