ಸೈಕಿಯಾಟ್ರಿ ಪಿಜಿ ಮೊದಲ ವರ್ಷ: ರಾತ್ರಿ ಡ್ಯೂಟಿಯಲ್ಲಿ ಜನ ಎಡವೋದು ಎಲ್ಲಿ?

ಹೊಸ ಜೆಆರ್:
ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಎಂಡಿ ಸೈಕಿಯಾಟ್ರಿ, ಮೊದಲ ವರ್ಷದ ಜೆಆರ್ (ಜೂನಿಯರ್ ರೆಸಿಡೆಂಟ್). ಮುಂದಿನ ವಾರದಿಂದ ರಾತ್ರಿ ಕಾಲ್ ನನ್ನದು, ಎಸ್‌ಆರ್ (ಸೀನಿಯರ್ ರೆಸಿಡೆಂಟ್) ಫೋನಿನಲ್ಲಿ ಸಿಗ್ತಾರೆ. ಕ್ಯಾಜುವಾಲ್ಟಿಗೆ ಹೆಚ್ಚಾಗಿ ಬರೋದು ಕುಡಿತ ನಿಲ್ಲಿಸಿ ನಡುಗೋರು, ತೀರಾ ಗಲಾಟೆ ಮಾಡೋರು. ಔಷಧಿ ಮತ್ತು ಅಡ್ಮಿಷನ್ ಕಾಗದ ಎರಡರಲ್ಲೂ ಏನು ತಪ್ಪಾಗುತ್ತೆ ಅಂತ ಹಿರಿಯರು ಬಿಡಿಸಿ ಹೇಳ್ತೀರಾ?

ರಾತ್ರಿಪಾಳಿ:
ಕಾಲ್ ಶೀಟಿನಲ್ಲಿ "ಸೈಕಿಯಾಟ್ರಿ ಕೇಸ್" ಅಂತ ಬರೆದಿದ್ದರೂ ನಾಡಿ, ಬಿಪಿ, ಜ್ವರ, ಆಕ್ಸಿಜನ್, ಜಿಆರ್‌ಬಿಎಸ್ (ರಕ್ತದ ಸಕ್ಕರೆ) ಐದನ್ನೂ ನೀವೇ ನೋಡಿ. ಆಮೇಲೆ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿ: ಶನಿವಾರ, ಶುಕ್ರವಾರ, ಗುರುವಾರ... ಹೆಚ್ಚು ಓದದವರಿಗೂ ಇದು ಬರುತ್ತೆ. ನೂರರಿಂದ ಏಳೇಳು ಕಳೆಯಿರಿ ಅಂದರೆ ಶಾಲೆ ಬಿಟ್ಟವರು ತಪ್ಪುತ್ತಾರೆ, ಅದನ್ನು ಗಮನದ ದೋಷ ಅಂತ ಬರೆದುಬಿಡ್ತೀವಿ. ದಿನ ಹೇಳುವಾಗ ನಡುವೆ ದಾರಿ ತಪ್ಪಿದರೆ, ಗೊಂದಲ ಗಂಟೆಗಂಟೆಗೂ ಏರಿಳಿದರೆ ಅದು ಡೆಲಿರಿಯಂ, ಅಂದರೆ ದೇಹದ ತೊಂದರೆಯಿಂದ ಬರುವ ಗೊಂದಲ. ಕಾರಣ ಹುಡುಕಿ.

ಕುಡಿತದಲ್ಲಿ ಮುಖ್ಯ ಪ್ರಶ್ನೆ ಕೊನೆಯ ಗುಟುಕು ಯಾವಾಗ ಅನ್ನೋದು. ಫಿಟ್ಸ್ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ, ಡಿಟಿ (ಡೆಲಿರಿಯಂ ಟ್ರೆಮೆನ್ಸ್, ಕುಡಿತ ನಿಂತಾಗ ನಡುಕದ ಜೊತೆ ಬರುವ ಡೆಲಿರಿಯಂ) 48ರಿಂದ 96ರೊಳಗೆ. ಮೂಳೆ ಮುರಿದು ಆರ್ಥೋ ವಾರ್ಡಿಗೆ ಸೇರಿದವರು ಮೂರನೇ ರಾತ್ರಿ ಹಾಸಿಗೆ ಮೇಲೆ ಇಲ್ಲದ ಹುಳ ಹೆಕ್ಕುತ್ತಿದ್ದಾರೆ ಅಂತ ಕಾಲ್ ಬಂದರೆ ಮೊದಲು ಇದನ್ನೇ ಯೋಚಿಸಿ. ಪ್ರಮಾಣವನ್ನು ಕ್ವಾರ್ಟರ್ ಲೆಕ್ಕದಲ್ಲಿ ಕೇಳಿ: 180 ಮಿ.ಲೀ. ಬ್ರಾಂದಿ ಅಂದರೆ ಸುಮಾರು 60 ಗ್ರಾಂ ಆಲ್ಕೋಹಾಲ್.

ಗ್ಲೂಕೋಸ್ ಬಾಟಲಿಗೆ ಮುಂಚೆ ಥಯಮಿನ್ (ವಿಟಮಿನ್ ಬಿ1). ವರ್ನಿಕೆ (ಥಯಮಿನ್ ಕೊರತೆಯಿಂದ ಬರುವ ಮೆದುಳಿನ ಕಾಯಿಲೆ) ಅನುಮಾನ ಇದ್ದರೆ 500 ಮಿ.ಗ್ರಾಂ. ಐವಿ (ರಕ್ತನಾಳಕ್ಕೆ), ದಿನಕ್ಕೆ ಮೂರು ಸಲ, ಸಲೈನಿನಲ್ಲಿ ಅರ್ಧ ಗಂಟೆ ಹರಿಸಿ. ನಡುಕ ಇಳಿಸಲು, ಲಿವರ್ ಕೆಟ್ಟಿದ್ದರೆ ಕ್ಲೋರ್‌ಡಯಜೆಪಾಕ್ಸೈಡ್ ಬಿಟ್ಟು ಲೋರಜೆಪಾಮ್. ಡಿಟಿಗೆ ಹ್ಯಾಲೋಪೆರಿಡಾಲ್ (ಭ್ರಮೆ, ಉದ್ರೇಕ ತಗ್ಗಿಸುವ ಔಷಧಿ) ಒಂದನ್ನೇ ಕೊಡೋದು ದೊಡ್ಡ ತಪ್ಪು. ಅದು ಫಿಟ್ಸ್ ಬರೋದನ್ನು ಸುಲಭ ಮಾಡುತ್ತೆ, ವಿತ್‌ಡ್ರಾಯಲ್ (ಕುಡಿತ ನಿಂತದ್ದರ ತೊಂದರೆ) ಹಾಗೇ ಉಳಿಯುತ್ತೆ.

ಹುಬ್ಬಳ್ಳಿ ಎಸ್‌ಆರ್:
ಗಲಾಟೆಯ ಬಗ್ಗೆ ನಾನು ಸೇರಿಸ್ತೀನಿ. ಮಾತಿಗೆ ಬಗ್ಗದೆ, ಬಾಯಲ್ಲಿ ಮಾತ್ರೆಯನ್ನೂ ಒಪ್ಪದಿದ್ದಾಗ ಹ್ಯಾಲೋಪೆರಿಡಾಲ್ 5ರಿಂದ 10, ಪ್ರೊಮೆಥಜಿನ್ 25ರಿಂದ 50 ಮಿ.ಗ್ರಾಂ. ಐಎಂ (ಸ್ನಾಯುವಿಗೆ). ವೆಲ್ಲೂರಿನ ಸಿಎಂಸಿಯಲ್ಲಿ ಈ ಜೋಡಿಯನ್ನು ಲೋರಜೆಪಾಮ್ ಜೊತೆ ಹೋಲಿಸಿ 2004ರಲ್ಲಿ ಪ್ರಕಟಿಸಿದ್ದಾರೆ, ಓದಿ. ಪ್ರೊಮೆಥಜಿನ್ ಬಿಡಬೇಡಿ. ಬಿಟ್ಟರೆ ಮುಖ್ಯವಾಗಿ ಹರೆಯದ ಗಂಡುಹುಡುಗರಲ್ಲಿ ಕುತ್ತಿಗೆ ತಿರುಚಿ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡು ಡಿಸ್ಟೋನಿಯಾ ಆಗುತ್ತೆ, ಮನೆಯವರು ಗಾಬರಿ ಬೀಳ್ತಾರೆ, ಮುಂದೆ ಮಾತ್ರೆ ಅಂದರೇ ಹೆದರ್ತಾರೆ. ಒಲಾಂಜಪಿನ್ ಇಂಜೆಕ್ಷನ್ ಕೊಟ್ಟಿದ್ದರೆ ಅದರ ಬೆನ್ನಿಗೇ ಲೋರಜೆಪಾಮ್ ಇಂಜೆಕ್ಷನ್ ಬೇಡ, ಉಸಿರು ಕುಗ್ಗುತ್ತೆ. ಯಾವುದೇ ಕೊಟ್ಟರೂ ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ ಉಸಿರು, ಬಿಪಿ ಬರೆಸಿ.

ಇನ್ನೊಂದು: ಲಿಥಿಯಂ (ಬೈಪೋಲಾರ್ ಕಾಯಿಲೆಯ ಔಷಧಿ) ಮಟ್ಟಕ್ಕೆ ರಕ್ತವನ್ನು ಹಸಿರು ಮುಚ್ಚಳದ ಟ್ಯೂಬಿಗೆ ಹಾಕಿಸಬೇಡಿ. ಅದರಲ್ಲಿ ಇರೋದು ಸಾಮಾನ್ಯವಾಗಿ ಲಿಥಿಯಂ ಹೆಪಾರಿನ್, ರಿಪೋರ್ಟು ಸುಳ್ಳೇ ಏರುತ್ತೆ. ಕೊನೆಯ ಡೋಸ್ ಆಗಿ 12 ಗಂಟೆಗೆ ತೆಗೆದದ್ದಕ್ಕೇ ಅರ್ಥ. ಆದರೆ ವಾಂತಿ, ಭೇದಿ, ನಡುಕ, ತೊದಲು ಇದ್ದರೆ ಲಿಥಿಯಂ ವಿಷವಾಗಿರಬಹುದು, ಸಮಯ ಕಾಯಬೇಡಿ, ಕೂಡಲೇ ಕಳಿಸಿ. ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗ್ತಿದ್ದಾರಾ ಅಂತ ಕೇಳೋದು ಮರೀಬೇಡಿ, ಅದು ಲಿಥಿಯಂ ಮಟ್ಟ ಏರಿಸುತ್ತೆ.

ಹೊಸ ಜೆಆರ್:
ತುಂಬಾ ಉಪಕಾರ. ಅಡ್ಮಿಷನ್ನಿಗೆ ಮನೆಯವರ ಸಹಿ ಸಾಕಾ?

ಕೇಸ್‌ಶೀಟ್:
ಸಾಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ನಿರ್ಧಾರದ ಸಾಮರ್ಥ್ಯ ಇರುವ ವಯಸ್ಕರಿಗೆ ಸೆಕ್ಷನ್ 86. ಅಲ್ಲಿ ಸಹಿ ರೋಗಿಯದ್ದೇ. ಅವರನ್ನು ಪಕ್ಕಕ್ಕೆ ಕೂರಿಸಿ ಅಣ್ಣನ ಹತ್ತಿರ ಸಹಿ ಹಾಕಿಸೋದು ಅನ್ಯಾಯ.

ಸ್ವಂತ ನಿರ್ಧಾರಕ್ಕೆ ತುಂಬಾ ಬೆಂಬಲ ಬೇಕಾದವರಿಗೆ ಸೆಕ್ಷನ್ 89. ಅದಕ್ಕೆ ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲುವವರ) ಅರ್ಜಿ ಬೇಕು. ಜೊತೆಗೆ ಅಡ್ಮಿಷನ್ ದಿನ ಅಥವಾ ಹಿಂದಿನ ಏಳು ದಿನದೊಳಗೆ ಇಬ್ಬರು ಬೇರೆಬೇರೆಯಾಗಿ ನೋಡಿರಬೇಕು, ಒಬ್ಬರು ಸೈಕಿಯಾಟ್ರಿಸ್ಟೇ ಆಗಿರಬೇಕು. ಎಸ್‌ಆರ್ ಫೋನಿನಲ್ಲಿ ಹೂಂ ಅಂದದ್ದು ಪರೀಕ್ಷೆ ಅಲ್ಲ, ಕರೆಸಿ. ಅವಧಿ 30 ದಿನದವರೆಗೆ. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೆಂಗಸರಾದರೆ 3 ದಿನದೊಳಗೆ, ಗಂಡಸರಾದರೆ 7 ದಿನದೊಳಗೆ ವರದಿ ಹೋಗಬೇಕು. ಅಷ್ಟು ಹೊತ್ತು ಕಾಯಲಾಗದ ಜೀವಾಪಾಯ ಇದ್ದರೆ ಸೆಕ್ಷನ್ 94ರ ತುರ್ತು ಚಿಕಿತ್ಸೆ, 72 ಗಂಟೆವರೆಗೆ. ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ತಗೊಳ್ಳಿ. ಈ ಸೆಕ್ಷನ್ನಿನಡಿ ಇಸಿಟಿ (ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಕೊಡುವಂತಿಲ್ಲ.

ಕಟ್ಟಿಹಾಕಬೇಕಾಗಿ ಬಂದರೆ ಕಾರಣ, ಶುರುವಾದ ಹೊತ್ತು, ಬಿಚ್ಚಿದ ಹೊತ್ತು ಮೂರನ್ನೂ ಬರೆಯಿರಿ. "ಉದ್ರಿಕ್ತ" ಅಂತ ಒಂದೇ ಪದ ಗೀಚಬೇಡಿ. ಯಾರ ಮೇಲೆ ಏನು ಎತ್ತಿದರು, ಅದಕ್ಕೆ ಮುಂಚೆ ನೀವು ಏನೇನು ಪ್ರಯತ್ನಿಸಿದಿರಿ ಅನ್ನೋದು ಕೇಸ್‌ಶೀಟಿನಲ್ಲಿ ಇರಲಿ.