ಅಪ್‌ಡೇಟ್: ಬೂಷ್ಟು ಬಂದ ಮೆಕ್ಕೆಜೋಳ ಹಸುವಿಗೆ ಹಾಕಬಹುದಾ ಎಂದು ಕೇಳಿದ್ದೆ

ಒಣಗಿಸಿ ಹಾಕಿದರೆ ಸರಿಯಾಗುತ್ತಾ ಅಂತ ಕೇಳಿದ್ದೆನಲ್ಲ, ಆಗಲ್ಲ. ಲ್ಯಾಬ್‌ಗೆ ಕಳಿಸಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ (ಬೂಷ್ಟು ಬಿಡುವ ವಿಷ) ಮಿತಿಗಿಂತ ಜಾಸ್ತಿ ಇತ್ತು. ಬಿಸಿಲಿಗೆ ಬೂಷ್ಟು ಬೆಳೆಯುವುದು ನಿಲ್ಲಬಹುದು, ಆದರೆ ಅದು ಬಿಟ್ಟ ವಿಷ ಕಾಳಿನಲ್ಲೇ ಉಳಿಯುತ್ತದೆ. ನಾನೋ, ಹಸಿರು ಪುಡಿ ಒರೆಸಿದರೆ ಸಾಕು ಅಂದುಕೊಂಡಿದ್ದೆ!

ಹಸು ತಿಂದ ಅಫ್ಲಾಟಾಕ್ಸಿನ್ ಬಿ1, ಹಾಲಿನಲ್ಲಿ ಎಂ1 ಎಂಬ ಇನ್ನೊಂದು ರೂಪದ ವಿಷವಾಗಿ ಬರುತ್ತದೆ, ಕಾಯಿಸಿದರೂ ಹೋಗಲ್ಲ. ಅಷ್ಟರಲ್ಲಿ 4 ದಿನ ತಿನ್ನಿಸಿಬಿಟ್ಟಿದ್ದೆ. ಹಾಲು ಚೆಲ್ಲಿದೆ, ಹೊಟ್ಟೆ ಉರಿಯಿತು. ಆ ಕಾಳು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಎಂ1 ಇಳಿಯುತ್ತದೆ ಎಂದರು ಪಶುವೈದ್ಯರು. ಇಳಿದಿದೆ, ನಿನ್ನೆ ರಿಪೋರ್ಟ್ ಬಂತು.

ತಪ್ಪು ನನ್ನದೇ. ಅಡಿಯ ಚೀಲ ನೆಲಕ್ಕೆ ತಾಗಿ ತೇವ ಹಿಡಿದಿತ್ತು. ಕೈ ಹಾಕಿದರೆ ಒಳಗೆ ಬೆಚ್ಚಗೆ, ಕಾಳು ಉಂಡೆಗಟ್ಟಿತ್ತು. ಈಗ ಚೀಲಗಳು ಹಲಗೆ ಮೇಲೆ, ಗೋಡೆಯಿಂದ ದೂರ. ತೇವಾಂಶ ಶೇ. 13ರೊಳಗೆ ಬಂದ ಮೇಲೆಯೇ ಚೀಲಕ್ಕೆ ತುಂಬುತ್ತೇನೆ.