ಯುಗಾದಿ ಆದ್ಮೇಲೆ ಏಳು ದಿನ ಬರೀ ಹಸಿ ತರಕಾರಿ, ಜ್ಯೂಸು: ಅಮ್ಮ ಮಾಡಬಹುದಾ?

ಪ್ರಶ್ನೆ (ಬೆಂಗಳೂರಿನ ಸದಸ್ಯೆ): ನಮಸ್ಕಾರ ಮೇಡಂ. ನಮ್ಮ ಅಮ್ಮನಿಗೆ 61 ವರ್ಷ. ಶುಗರ್ ಬಂದು ಒಂಬತ್ತು ವರ್ಷ ಆಯಿತು. ಬೆಳಗ್ಗೆ, ರಾತ್ರಿ ಮಾತ್ರೆ ತಗೋತಾರೆ, ಅದರಲ್ಲಿ ಒಂದು ಗ್ಲಿಮೆಪಿರೈಡ್. ಅವರ ಭಜನೆ ಗುಂಪಿನ ವಾಟ್ಸಾಪ್‌ನಲ್ಲಿ ‘ಏಳು ದಿನದ ದೇಹ ಶುದ್ಧಿ’ ಅಂತ ಒಂದು ಪಟ್ಟಿ ಬಂದಿದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಹಸಿ ಸೋರೆಕಾಯಿ ರಸ, ಮಧ್ಯಾಹ್ನ ಬರೀ ಹಸಿ ತರಕಾರಿ, ಸಂಜೆ ಹಣ್ಣಿನ ರಸ, ರಾತ್ರಿ ಬಿಸಿನೀರಿಗೆ ನಿಂಬೆಹಣ್ಣು. ಅನ್ನ, ಮುದ್ದೆ, ಬೇಳೆ, ಮೊಸರು ಯಾವುದೂ ಇಲ್ಲ. ವರ್ಷದ ವಿಷವೆಲ್ಲ ಹೊರಗೆ ಹೋಗುತ್ತಂತೆ. ಹಬ್ಬದ ಮಾರನೇ ದಿನದಿಂದ ಶುರು ಮಾಡ್ತೀನಿ ಅಂತ ಕೂತಿದ್ದಾರೆ. ಬೇಡ ಅಂದ್ರೆ ಯಾಕೆ ಅಂತ ಹೇಳಿ, ಅವರಿಗೆ ಓದಿ ಹೇಳಬೇಕು.

ಉತ್ತರ: ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಆಹಾರ ತಜ್ಞೆ. ಆಸ್ಪತ್ರೆಯಲ್ಲಿ ಶುಗರ್, ಕಿಡ್ನಿ ತೊಂದರೆ ಇರುವವರ ಊಟ ನೋಡಿಕೊಳ್ಳುವುದು ನನ್ನ ಕೆಲಸ. ಓದಿ ಹೇಳುತ್ತೀರಿ ಅಂದಿದ್ದೀರಲ್ಲ, ಅಮ್ಮನಿಗೇ ಹೇಳುವ ಹಾಗೆ ಬರೆಯುತ್ತೇನೆ.

ಅಮ್ಮಾ, ಈ ಪಟ್ಟಿ ನಿಮಗೆ ಬೇಡ. ಹಸಿ ತರಕಾರಿ ಒಳ್ಳೆಯದೇ, ದಿನಾ ತಿನ್ನಿ. ಆದರೆ ಮಾತ್ರೆ ನುಂಗಿಕೊಂಡು ಅದೊಂದರ ಮೇಲೇ ಏಳು ದಿನ ಇರುವುದು ಅಪಾಯ.

ಮೊದಲು ಮಾತ್ರೆ ವಿಷಯ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ತಳ್ಳಿಸುತ್ತೆ. ನೀವು ಮುದ್ದೆ ಉಂಡಿದ್ದೀರೋ ಸೌತೆಕಾಯಿ ತಿಂದಿದ್ದೀರೋ ಅದಕ್ಕೆ ಗೊತ್ತಾಗುವುದಿಲ್ಲ. ಊಟ ಕಡಿಮೆಯಾದರೆ ಶುಗರ್ ಸರ್ರನೆ ಇಳಿಯುತ್ತೆ. 70ಕ್ಕಿಂತ ಕೆಳಗೆ ಹೋದರೆ ಬೆವರು, ಕೈನಡುಕ, ಎದೆ ಬಡಿತ, ಕಣ್ಣು ಮಂಜು. ‘ಶುದ್ಧಿ’ ಮಾಡುವವರು ಇದನ್ನೇ ‘ವಿಷ ಹೊರಗೆ ಹೋಗ್ತಿದೆ’ ಅಂದುಕೊಂಡು ಸುಮ್ನೆ ಮಲಗಿಬಿಡುತ್ತಾರೆ. ನನಗೆ ಹೆದರಿಕೆ ಆಗುವುದು ಇಲ್ಲೇ. ಹಾಗೆ ಯಾವಾಗಲಾದರೂ ಆದರೆ ಕಾಯಬೇಡಿ. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೇರ ಆಸ್ಪತ್ರೆಗೆ.

ಸಂಜೆಯ ಹಣ್ಣಿನ ರಸ ಇದಕ್ಕೆ ತದ್ವಿರುದ್ಧ. ಒಂದು ಲೋಟ ಮೂಸಂಬಿ ರಸಕ್ಕೆ ಮೂರು ನಾಲ್ಕು ಹಣ್ಣು ಹಿಂಡಬೇಕು. ನಾರೆಲ್ಲ ಜಾಲರಿಯಲ್ಲಿ ಉಳಿಯುತ್ತೆ, ಸಕ್ಕರೆ ಮಾತ್ರ ಲೋಟಕ್ಕೆ ಬರುತ್ತೆ. ಅಂದರೆ ಮಧ್ಯಾಹ್ನ ಇಳಿದ ಶುಗರ್ ಸಂಜೆ ಏರುತ್ತೆ. ಹಣ್ಣನ್ನು ಹಣ್ಣಾಗಿಯೇ ತಿನ್ನಿ, ಒಂದು ಸಾಕು.

ಇನ್ನು ಸೋರೆಕಾಯಿ ರಸ. ಇದನ್ನು ದಯವಿಟ್ಟು ಗುಂಪಿನಲ್ಲಿ ಎಲ್ಲರೂ ಓದಿ. ಸೋರೆಕಾಯಿ, ಸೌತೆಕಾಯಿ, ಹೀರೆಕಾಯಿ ಎಲ್ಲ ಒಂದೇ ಕುಟುಂಬದವು. ಈ ಬಳ್ಳಿಗಳು ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಕಟ್ಟಿಕೊಳ್ಳುತ್ತವೆ. ಹೊರಗಿನಿಂದ ನೋಡಿದರೆ ಕಾಯಿ ಎಳೆಯದಾಗಿ, ಚೆನ್ನಾಗಿಯೇ ಇರುತ್ತೆ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಹೀಗೆ ಕಹಿ ರಸ ಕುಡಿದು ತೀರಿಹೋದರು. ಆಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇದಕ್ಕೆಂದೇ ತಜ್ಞರ ಸಮಿತಿ ಮಾಡಿತು. ಸಮಿತಿ ಹೇಳಿದ್ದು ಸರಳ: ರಸ ಮಾಡುವ ಮೊದಲು ಒಂದು ಚೂರು ರುಚಿ ನೋಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಬೆರೆಸಿದರೆ ಕಹಿ ಮುಚ್ಚಿಹೋಗುತ್ತೆ ಅಲ್ವಾ? ನಿಂಬೆರಸ, ಪುದೀನ, ಜೇನು ಹಾಕಿ ಕುಡಿಯುವವರೇ ಜಾಸ್ತಿ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಕುಡಿದ ಸ್ವಲ್ಪ ಹೊತ್ತಿಗೇ ವಾಂತಿ, ಭೇದಿ, ಹೊಟ್ಟೆನೋವು ಶುರುವಾಗುತ್ತೆ. ರಕ್ತವಾಂತಿ ಆಗಿ ಬಿಪಿ ಬಿದ್ದವರೂ ಇದ್ದಾರೆ. ಇದಕ್ಕೆ ಮರುಮದ್ದು ಇಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಮ್ಮ ಅಜ್ಜಿಯರು ಸೌತೆಕಾಯಿ ತುದಿ ಕತ್ತರಿಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡದೆ ಕೋಸಂಬರಿಗೆ ಹೆಚ್ಚುತ್ತಿರಲಿಲ್ಲ. ಆ ಅಭ್ಯಾಸವನ್ನು ಬಿಡಬೇಡಿ. ಸೋರೆಕಾಯಿಗೂ ಅದನ್ನೇ ಮಾಡಿ, ಪಲ್ಯಕ್ಕೆ ಹೆಚ್ಚುವಾಗಲೂ.

ಕೊನೆಗೆ ‘ವಿಷ’. ನಿಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೋಗುತ್ತೆ, ಉಳಿದದ್ದು ವಾಪಸ್ ರಕ್ತಕ್ಕೆ. ನೀವು ಮಲಗಿದ್ದಾಗಲೂ ಈ ಕೆಲಸ ನಡೆಯುತ್ತಲೇ ಇರುತ್ತೆ. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತೆ. ವರ್ಷದ ಕೊಳೆ ಅಲ್ಲಿ ಅಂಟಿಕೊಂಡು ಕೂರಲು ಜಾಗವೇ ಇಲ್ಲ. ಹೀಗೆ ಮಾಡಿದವರು ಮೂರು ದಿನಕ್ಕೆ ಎರಡು ಕೆಜಿ ಇಳಿದೆ ಅನ್ನುತ್ತಾರೆ. ನಿಜ. ಆದರೆ ಅದು ಹೆಚ್ಚಿನಂಶ ನೀರು. ಅನ್ನ ರೊಟ್ಟಿಯಿಂದ ದೇಹ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟಿರುತ್ತೆ. ಅದು ಖರ್ಚಾದಾಗ ನೀರೂ ಹೋಗುತ್ತೆ. ಮತ್ತೆ ಊಟ ಶುರು ಮಾಡಿದ ವಾರಕ್ಕೆ ತಕ್ಕಡಿ ಮೊದಲಿನ ಜಾಗಕ್ಕೇ ಬರುತ್ತೆ.

ಪ್ರಶ್ನೆ (ಅದೇ ಸದಸ್ಯೆ): ಓದಿ ಹೇಳಿದೆ ಮೇಡಂ. ‘ಹಾಗಾದ್ರೆ ಬೇಸಿಗೆಗೆ ಹಗುರವಾಗಿ ಏನು ತಿನ್ನಲಿ, ಅದನ್ನಾದ್ರೂ ಹೇಳಲಿ’ ಅಂತಿದ್ದಾರೆ.

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಮಧ್ಯಾಹ್ನದ ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ ಇರಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು ಅಂತಿದೆ. ಅದರಲ್ಲಿ ಒಂದು ಬಟ್ಟಲು ಹಸಿಯದು, ಉಳಿದದ್ದು ಪಲ್ಯ, ಹುಳಿ, ಬಸ್ಸಾರು. ಮುದ್ದೆ ಅಥವಾ ಅನ್ನ ಸ್ವಲ್ಪ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ.

ಹಸಿಯದು ಅಂದರೆ ಕೋಸಂಬರಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತರಕಾರಿ, ಬೇಳೆ, ಕಾಯಿ, ನಿಂಬೆಹುಳಿ, ಒಗ್ಗರಣೆಯ ಎಣ್ಣೆ ಎಲ್ಲ ಒಂದೇ ಬಟ್ಟಲಲ್ಲಿ ಸಿಗುತ್ತೆ. ಕ್ಯಾರೆಟ್‌ನ ಕೆಂಪು ಸತ್ವ ಮೈಗೆ ಹತ್ತಲು ಕೊಬ್ಬು ಬೇಕು. ಆ ಒಂದು ಚಮಚ ಒಗ್ಗರಣೆ, ಕಾಯಿತುರಿ ಅದಕ್ಕೆ. ಎಣ್ಣೆ ಬೇಡ ಅಂತ ಬಿಡಬೇಡಿ.

ಹೆಸರುಬೇಳೆ ಒಂದು ಗಂಟೆ ನೆನೆಯಲಿ. ಉಗುರಲ್ಲಿ ಚಿವುಟಿದರೆ ಟಕ್ಕಂತ ತುಂಡಾಗಬೇಕು, ಹಿಟ್ಟು ಹಿಟ್ಟಾಗಬಾರದು. ಕಡಲೆಬೇಳೆಯಾದರೆ ಎರಡು ಮೂರು ಗಂಟೆ. ನೀರು ಚೆನ್ನಾಗಿ ಬಸಿದು ಸೌತೆಕಾಯಿ ಸೇರಿಸಿ. ಉಪ್ಪು ಮಾತ್ರ ಎಲೆಗೆ ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಬಟ್ಟಲಲ್ಲಿ ತೇಲುತ್ತೆ. ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೊರಗಿಡಬೇಡಿ.

ಒಂದು ಎಚ್ಚರ. ಹೆಸರು, ಕಡಲೆ ಹೀಗೆ ನಡೆಯುತ್ತೆ ಅಂತ ಎಲ್ಲ ಕಾಳನ್ನೂ ಹಸಿ ತಿನ್ನುವಂತಿಲ್ಲ. ಅವರೆ, ಅಲಸಂದೆ ಬೇಯಲೇಬೇಕು. ರಾಜ್ಮಾ ಹಸಿಯಾಗಿ ನಾಲ್ಕೈದು ಕಾಳು ತಿಂದರೂ ವಾಂತಿ ಆಗಬಹುದು.

ಈ ಋತುವಿಗೆ ಮಾವಿನಕಾಯಿ, ತಾಟಿನುಂಗು, ಕಲ್ಲಂಗಡಿ ಬರುತ್ತವೆ. ಅಮ್ಮನಿಗೆ ತಾಟಿನುಂಗು ಎರಡು ಮೂರು ಕಣ್ಣು ಧಾರಾಳ. ಕಲ್ಲಂಗಡಿ ಒಂದು ಹೋಳು, ಊಟವಾದ ತಕ್ಷಣ ಬೇಡ, ಸಂಜೆ.

ಪ್ರಶ್ನೆ (ಧಾರವಾಡದ ಸದಸ್ಯರು): ನಮ್ ಕಡೆ ರೊಟ್ಟಿ ಜೋಡಿ ಹಕ್ಕರಕಿ, ಮೆಂತ್ಯ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ ಎಲ್ಲಾ ಹಸಿದೇ ತಿಂತೀವ್ರಿ. ಈಗ ಮಗನ ಮನಿಗೆ ಬೆಂಗಳೂರಿಗೆ ಬಂದೀನಿ. ಸೊಸಿ ಹಸಿ ಸೊಪ್ಪು ಬ್ಯಾಡ ಅಂತಾಳ. ಯಾರದು ಖರೆ?

ಉತ್ತರ: ಸರ್, ಇಬ್ಬರದೂ ಖರೆ ಇದೆ. ನಿಮ್ಮ ಊಟ ನನಗೆ ಬಹಳ ಇಷ್ಟ. ಜೋಳದ ರೊಟ್ಟಿ, ಗುರೆಳ್ಳು ಪುಡಿಗೆ ಎಣ್ಣೆ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಸೊಪ್ಪು, ಇದರಲ್ಲಿ ತೆಗೆಯುವಂಥದ್ದು ಏನೂ ಇಲ್ಲ. ಆದರೆ ಹೊಲದ ಬದುವಿನಿಂದ ಕಿತ್ತ ಹಕ್ಕರಕಿ ಬೇರೆ, ನಗರದ ಕೊಳಚೆ ಕಾಲುವೆ ಪಕ್ಕ ಬೆಳೆದು ಗಾಡಿಯಲ್ಲಿ ಬಂದ ಸೊಪ್ಪು ಬೇರೆ. ಕೊಳಚೆ ನೀರಿನ ಕ್ರಿಮಿ, ಹುಳುಗಳ ಮೊಟ್ಟೆ ಎಲೆಗೆ ಅಂಟಿರುತ್ತವೆ. ಲಾಡಿಹುಳುವಿನ ಮೊಟ್ಟೆ ಹೀಗೆ ಹೊಟ್ಟೆಗೆ ಹೋಗಿ, ಮರಿ ಮಿದುಳು ಸೇರಿ ಫಿಟ್ಸ್ ಬರುವುದುಂಟು. ಮಾಂಸ ಮುಟ್ಟದವರಿಗೂ ಬರುತ್ತೆ.

ತೊಳೆಯುವ ರೀತಿ ಹೇಳುತ್ತೇನೆ, ಸೊಸೆಗೂ ತೋರಿಸಿ. ದೊಡ್ಡ ಪಾತ್ರೆ ತುಂಬ ನೀರು ಹಿಡಿಯಿರಿ. ಬೇರು ಕತ್ತರಿಸಿ, ಕಟ್ಟು ಬಿಚ್ಚಿ, ಸೊಪ್ಪು ಮುಳುಗಿಸಿ ಕೈಯಲ್ಲಿ ಆಡಿಸಿ. ಎರಡು ನಿಮಿಷ ಬಿಡಿ, ಮಣ್ಣು ತಳಕ್ಕೆ ಕೂರುತ್ತೆ. ಈಗ ನೀರು ಬಸಿಯಬೇಡಿ. ಬಸಿದರೆ ತಳದ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಸುರಿಯುತ್ತೆ. ಸೊಪ್ಪನ್ನೇ ಮೇಲಿನಿಂದ ಎತ್ತಿ ಇನ್ನೊಂದು ಪಾತ್ರೆಗೆ ಹಾಕಿ. ಹೀಗೆ ಮೂರು ನೀರು. ಕೊನೆಗೆ ಕುಡಿಯುವ ನೀರಲ್ಲಿ ಒಮ್ಮೆ. ಉಪ್ಪು, ಅರಿಶಿನ ಹಾಕಿದ ತಕ್ಷಣ ಕ್ರಿಮಿ ಸಾಯುತ್ತೆ ಅಂತ ನಂಬಬೇಡಿ, ನೀರು ಬದಲಿಸುವುದು ಮತ್ತು ಕೈಯಲ್ಲಿ ಆಡಿಸಿ ತೊಳೆಯುವುದೇ ಮುಖ್ಯ. ಆದರೆ ಕೊಳಚೆ ನೀರಿನಿಂದ ಎಲೆಯೊಳಗೆ ಸೇರಿದ ಸೀಸದಂಥ ಲೋಹ ತೊಳೆದರೂ, ಬೇಯಿಸಿದರೂ ಹೋಗುವುದಿಲ್ಲ. ಅದಕ್ಕೇ ಎಲ್ಲಿಂದ ಬಂತು ಅಂತ ಕೇಳಿ ಕೊಳ್ಳಿ. ಮೆಂತ್ಯವನ್ನಾದರೆ ಬಾಲ್ಕನಿಯ ಕುಂಡದಲ್ಲೇ ಹಾಕಿ, ಮೂರು ವಾರಕ್ಕೆ ಕೀಳಬಹುದು.

ಪ್ರಶ್ನೆ (ಹಾಸನದ ಸದಸ್ಯೆ): ನಮ್ಮ ಭಾವ ಆಲಿವ್ ಎಣ್ಣೆ, ನಿಂಬೆರಸ ಕುಡಿದು ಪಿತ್ತಕೋಶ ಶುದ್ಧಿ ಮಾಡಿದರು. ಮಾರನೇ ದಿನ ಹಸಿರು ಹಸಿರು ಕಲ್ಲು ಬಿದ್ದವು, ಫೋಟೋ ಕೂಡ ಕಳಿಸಿದ್ದಾರೆ. ಇದು ನಿಜ ತಾನೇ?

ಉತ್ತರ: ಬಿದ್ದದ್ದು ನಿಜ, ಕಲ್ಲು ಅಲ್ಲ. ಅಷ್ಟೊಂದು ಎಣ್ಣೆ ಹೊಟ್ಟೆಯಲ್ಲಿ ಜೀರ್ಣರಸ, ನಿಂಬೆರಸದ ಜೊತೆ ಸೇರಿ ಸಾಬೂನಿನಂಥ ಉಂಡೆಯಾಗುತ್ತೆ. ಒತ್ತಿದರೆ ಮೆತ್ತಗೆ, ಬಿಸಿಗೆ ಕರಗುತ್ತೆ. ನಿಜವಾದ ಪಿತ್ತಕಲ್ಲು ಹಾಗೆ ಕರಗುವುದಿಲ್ಲ. ಭಾವನವರಿಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲು ಹೇಳಿ, ಕಲ್ಲು ಅಲ್ಲೇ ಇರುವ ಸಂಭವ ಜಾಸ್ತಿ. ಎಣ್ಣೆ ಜಾಸ್ತಿ ಕುಡಿದಾಗ ಪಿತ್ತಕೋಶ ಬಲವಾಗಿ ಹಿಂಡಿಕೊಳ್ಳುತ್ತೆ. ಆಗ ಕಲ್ಲು ಸರಿದು ನಾಳದಲ್ಲಿ ಸಿಕ್ಕಿಕೊಂಡರೆ ತುರ್ತು ಆಪರೇಷನ್‌ವರೆಗೂ ಹೋಗಬಹುದು. ಇನ್ನೊಮ್ಮೆ ಮಾಡಲು ಬಿಡಬೇಡಿ.

ಪ್ರಶ್ನೆ (ದಾವಣಗೆರೆಯ ಸದಸ್ಯರು): ದಿನಾ ಬೆಳಗ್ಗೆ ಹಸಿ ಪಾಲಕ್ ರುಬ್ಬಿ ಕುಡಿಯುತ್ತಿದ್ದೇನೆ. ಹಿಂದೆ ಒಮ್ಮೆ ಕಿಡ್ನಿಯಲ್ಲಿ ಕಲ್ಲಾಗಿತ್ತು.

ಉತ್ತರ: ಇವತ್ತೇ ನಿಲ್ಲಿಸಿ ಸರ್. ಪಾಲಕ್‌ನಲ್ಲಿ ಕಿಡ್ನಿ ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಬಹಳ. ಬೇಯಿಸಿ ನೀರು ಚೆಲ್ಲಿದರೆ ಸ್ವಲ್ಪ ಹೋಗುತ್ತೆ, ಹಸಿ ಕುಡಿದರೆ ಪೂರ್ತಿ ಒಳಗೆ. ವಾರಕ್ಕೊಮ್ಮೆ ಹಾಗೆ ಬೇಯಿಸಿ ನೀರು ಚೆಲ್ಲಿ ಬೇಳೆಗೆ ಸೇರಿಸಿ, ಮೊಸರಿನ ಜೊತೆ ಉಣ್ಣಿ. ಕರಾವಳಿಯವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಬಿಂಬುಳಿ, ಧಾರೆಹುಳಿ (ಸ್ಟಾರ್ ಫ್ರೂಟ್) ರಸ ಕೂಡ ಹೀಗೇ. ಸಾರಿಗೆ ಒಂದೆರಡು ಹಾಕಿದರೆ ಅಡ್ಡಿಯಿಲ್ಲ, ಲೋಟಗಟ್ಟಲೆ ಕುಡಿದರೆ ಕಿಡ್ನಿ ಕೈಕೊಡುತ್ತೆ. ಕಿಡ್ನಿ ಕಾಯಿಲೆ ಇರುವವರು ಧಾರೆಹುಳಿ ಮುಟ್ಟಲೇಬಾರದು.

ಪ್ರಶ್ನೆ (ಉಡುಪಿಯ ಸದಸ್ಯೆ): ಮಳೆಗಾಲದಲ್ಲೂ ಹಸಿ ತಿನ್ನಬಹುದಾ? ಆಟಿ ಅಮಾವಾಸ್ಯೆ ಕಷಾಯ ದೇಹ ಶುದ್ಧಿಗೇ ಅಲ್ವಾ?

ಉತ್ತರ: ಮಳೆಗಾಲದಲ್ಲಿ ಹಸಿ ಸೊಪ್ಪು ಬಿಡಿ. ನೀರು ಕೆಡುವ ಕಾಲ, ಟೈಫಾಯ್ಡ್, ಕಾಮಾಲೆ ಆಗಲೇ ಜಾಸ್ತಿ. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ ಅಂತ ನಿಮ್ಮ ಕಡೆ ತರಕಾರಿ ಸೊಪ್ಪು ಬಿಡುವವರಿದ್ದಾರಲ್ಲ, ಅವರನ್ನು ನೋಡಿದಾಗ ನನಗೆ ಇದೇ ನೆನಪಾಗುತ್ತೆ. ಆ ತಿಂಗಳುಗಳಿಗೆ ಬೇಯಿಸಿದ್ದೇ ಸರಿ: ತಗಟೆ ಸೊಪ್ಪು, ಕೆಸುವಿನ ಪತ್ರೊಡೆ. ಕೆಸು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದೆಲಗದ ತಂಬುಳಿ ಬೇಕೆನಿಸಿದರೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿ ರುಬ್ಬಿ.

ಆಟಿ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ವರ್ಷಕ್ಕೊಮ್ಮೆ, ಒಂದು ಸಣ್ಣ ಲೋಟ, ಮೇಲೆ ಮೆಂತ್ಯದ ಗಂಜಿ. ಆರೋಗ್ಯವಂತರು ಹಾಗೇ ಮಾಡಿಕೊಂಡು ಬಂದಿದ್ದಾರೆ. ಆದರೆ ಮರ ಗುರುತಿಸಲು ಬಲ್ಲವರೇ ತಂದಿರಬೇಕು. ಕತ್ತಲಲ್ಲಿ ಕಾಸರಕ ಎಂಬ ವಿಷದ ಮರದ ತೊಗಟೆ ಕೆತ್ತಿ ತಂದರೆ ಜೀವಕ್ಕೇ ಅಪಾಯ. ಬಸುರಿಯರಿಗೆ, ಮಕ್ಕಳಿಗೆ, ಲಿವರ್ ಕಿಡ್ನಿ ತೊಂದರೆ ಇರುವವರಿಗೆ ಬೇಡ.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ನನಗೆ ಐದು ತಿಂಗಳು. ಮೊಳಕೆ ಹೆಸರುಕಾಳು ಹಸಿ ತಿನ್ನಬಹುದಾ ಅಕ್ಕಾ?

ಉತ್ತರ: ಹಬೆಯಲ್ಲಿ ಬೇಯಿಸಿ ತಿನ್ನಮ್ಮ. ಕಾಳು ಮೊಳೆಯಲು ಬೇಕಾದ ಬೆಚ್ಚಗಿನ ತೇವ ಕ್ರಿಮಿಗೂ ಇಷ್ಟ, ಬಸುರಿಯಲ್ಲಿ ಆ ಸೋಂಕು ಬೇಡ. ಸೀಬೆಹಣ್ಣು ತೊಳೆದು ತಿನ್ನು. ಕಿತ್ತಳೆಗಿಂತ ಹೆಚ್ಚು ಸಿ ವಿಟಮಿನ್ ಅದರಲ್ಲಿದೆ, ಊಟದ ಜೊತೆ ತಿಂದರೆ ರಾಗಿಯ ಕಬ್ಬಿಣವೂ ಮೈಗೆ ಚೆನ್ನಾಗಿ ಹತ್ತುತ್ತೆ.

ಪ್ರಶ್ನೆ (ಬೆಂಗಳೂರಿನ ಸದಸ್ಯೆ): ಮೇಡಂ, ಅಮ್ಮ ಒಪ್ಪಿಕೊಂಡರು! ಪಟ್ಟಿ ಗುಂಪಿಗೂ ಬೇಡ ಅಂತ ಹೇಳಿದ್ದಾರೆ. ಒಂದೇ ಕೇಳ್ತಿದ್ದಾರೆ, ರಾಮನವಮಿ ದಿನ ಪಾನಕ ಕುಡಿಯಬಹುದಾ?

ಉತ್ತರ: ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ದೇವಸ್ಥಾನದ ಪಾನಕ ಪ್ರಸಾದವಾಗಿ ಎರಡು ಗುಟುಕು. ಬೆಲ್ಲವೂ ಸಕ್ಕರೆಯ ಹಾಗೇ ಶುಗರ್ ಏರಿಸುತ್ತೆ. ನೀರುಮಜ್ಜಿಗೆ ಬೇಕಾದಷ್ಟು, ಉಪ್ಪು ಕಡಿಮೆ ಹಾಕಿಸಿಕೊಂಡು. ಕೋಸಂಬರಿ ಒಂದು ಬಟ್ಟಲು ತಿನ್ನಲಿ. ಆದರೆ ಅದನ್ನೇ ಊಟ ಅಂದುಕೊಂಡು ಇದ್ದುಬಿಡಬಾರದು, ಮಾತ್ರೆ ತಗೊಂಡ ದಿನ ಅನ್ನವೋ ಮುದ್ದೆಯೋ ಹೊತ್ತಿಗೆ ಸರಿಯಾಗಿ ಆಗಬೇಕು. ಉಪವಾಸ ಮಾಡುವುದೇ ಆದರೆ ಎರಡು ದಿನ ಮುಂಚೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಆ ದಿನದ ಮಾತ್ರೆ ಹೇಗೆ ಅಂತ ಕೇಳಿಕೊಳ್ಳಿ.